ಎಡಕ್ಕೆ ಸುತ್ತುವ ಬಾರು

"ಎಳಿ ಓನಾ, ಇನ್ನೊಂಚೂರು ಎಳಿ. ಬೆಳಿಗ್ಗೆ ಏನೂ ತಿಂದಿಲ್ವಾ?"

ಓನಾ ಚರ್ಮದ ಕುತ್ತಿಗೆಯ ಕಡೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಹಿಂದಕ್ಕೆ ವಾಲಿದಳು. ಬಾಲದ ಕಡೆ ಅವಳ ಅಣ್ಣ ಕ್ಲೆಮ್ ಹಿಡಿದಿದ್ದ. ಇಬ್ಬರ ನಡುವೆ ಕಾಂಗರೂ ಚರ್ಮ ಬಿಗಿಯಾಗಿ ನಿಂತಿತು. ತಗಡಿನ ಶೆಡ್ಡಿನ ಒಂದೇ ಕಿಟಕಿಯಿಂದ ಚಳಿಗಾಲದ ಬಿಸಿಲು ಅದರ ಮೇಲೆ ಓರೆಯಾಗಿ ಬಿದ್ದು, ಒಂದೊಂದು ಗೀರನ್ನೂ ಎತ್ತಿ ತೋರಿಸಿತು.

"ನೋಡು, ಪಕ್ಕೆ ಹತ್ರ," ಎಂದ ಕ್ಲೆಮ್. "ಜಗಳಗಂಟ ನನ್ಮಗ. ಮೈತುಂಬಾ ಗಾಯದ ಗುರುತು. ಇದು ಬೇಡ, ಇಡು ಕೆಳಗೆ."

"ಪಾಪ, ಮದುವೆ ಆಗಿತ್ತೇನೋ," ಎಂದಳು ಥೆಲ್ಮಾ.

ಥೆಲ್ಮಾ ಗ್ರೋಗನ್ ಬಾಗಿಲ ಬಳಿ ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಊರೂರಿನ ದನಗಳನ್ನು ವಾರೆಗೋ ನದಿಯ ದಾರಿಯಲ್ಲಿ ಹೊಡೆದುಕೊಂಡು ಹೋಗುವುದು ಅವಳ ಕೆಲಸ. ಮುಂದಿನ ವಾರ ಮತ್ತೆ ಹೊರಡಬೇಕು. ಕ್ಲೆಮ್ ಪ್ರಾಯದಲ್ಲಿ ಮಾಡಿಕೊಟ್ಟಿದ್ದ ಅವಳ ಹನ್ನೆರಡೆಳೆಯ ಚಾವಟಿಯನ್ನು ಹೊಸ ನಾಯಿಮರಿ ಹಿಡಿಯ ತನಕ ಜಗಿದುಹಾಕಿತ್ತು.

"ಅಂಥದ್ದೇ ಇನ್ನೊಂದು ಬೇಕು ನಂಗೆ," ಎಂದಳು. "ಅದಕ್ಕಿಂತ ಚೆನ್ನಾಗಿರೋದು ಬೇಡ. ಅಂಥದ್ದೇ."

"ನಾಯಿಗೆ ರುಚಿ ಹತ್ತೋ ಥರದ್ದು ಅನ್ನು."

ಕ್ಲೆಮ್ ಚರ್ಮಗಳನ್ನು ಪೇರಿಸಿದ್ದ ಚೌಕಟ್ಟಿನ ಮೇಲಿಂದ ಇನ್ನೊಂದು ತೆಗೆದ. ಮಡಿಸಿ ಬಿಟ್ಟ, ಅದು ಅವಸರವಿಲ್ಲದೆ ಬಿಚ್ಚಿಕೊಂಡಿತು. ಅಂಗೈಯಿಂದ ಬೆನ್ನಿನ ಉದ್ದಕ್ಕೂ ಒತ್ತಿದ. ಆಮೇಲೆ ಪಕ್ಕೆಯ ಮೆದು ಜಾಗವನ್ನು ಎತ್ತಿ ತುಟಿಗೆ ತಾಗಿಸಿದ.

"ಅಯ್ಯೋ ಮುದುಕಾ, ಮುತ್ತು ಕೊಡೋಕೆ ಬೇರೆ ಯಾರೂ ಸಿಗ್ಲಿಲ್ವಾ?"

"ನೀನು ಒಪ್ಪಿದ್ರೆ ಇದನ್ನ ಬಿಡ್ತೀನಿ."

ಥೆಲ್ಮಾ ಹೋ ಎಂದು ನಕ್ಕಳು. ಓನಾ ನಗಲಿಲ್ಲ. ಮುಂಚೆ ಅವನು ಹೀಗೆ ತುಟಿಗೆ ತಾಗಿಸುತ್ತಿರಲಿಲ್ಲ. ಹೆಬ್ಬೆರಳು ಸಾಕಿತ್ತು.

ಹೋದ ಬೇಸಿಗೆಯಲ್ಲಿ ಥೆಲ್ಮಾಳ ಅಂಗಳದಲ್ಲೇ, ಅವನು ಗೇಟಿನ ಚಿಲಕ ಹಾಕುತ್ತಿರುವಾಗ ಗೂಳಿಯೊಂದು ಬಂದು ಗೇಟಿಗೆ ಗುದ್ದಿತ್ತು. ಡಾಕ್ಟರು ಬಲಗೈ ಹೆಬ್ಬೆರಳನ್ನೇನೋ ಉಳಿಸಿದರು. ಆದರೆ ಉಗುರು ಒಡೆದ ಚಿಪ್ಪಿನ ಚೂರಿನಂತೆ ಸೊಟ್ಟಗೆ ಬೆಳೆಯಿತು. ತುದಿಗೆ ಬಿಸಿ, ತಂಪು ಏನೂ ತಿಳಿಯದಂತಾಯಿತು. ಬೇರೆಯವರಿಗಾದರೆ ಅದೇನು ದೊಡ್ಡ ವಿಷಯವಲ್ಲ. ಬಾರು ಕತ್ತರಿಸುವವನಿಗೆ ಅದೇ ಅಳತೆಗೋಲು. ಚಾಕು ಹಿಡಿದ ಕೈಯ ಹೆಬ್ಬೆರಳಿನ ಉಗುರು ಚರ್ಮದ ಅಂಚಿನ ಮೇಲೆ ಜಾರುತ್ತ ಹೋಗುತ್ತದೆ. ಉಗುರಿಗೂ ಅಲಗಿಗೂ ನಡುವೆ ಎಷ್ಟು ಸಂದು ಇದೆಯೋ ಬಾರು ಅಷ್ಟೇ ಅಗಲ. ಚರ್ಮವನ್ನು ಹೊರಗಿನಿಂದ ಒಳಕ್ಕೆ ಸುತ್ತು ಸುತ್ತಾಗಿ, ಒಂದೇ ಉಸಿರಿನಂತೆ ಕತ್ತರಿಸಬೇಕು. ಬೆನ್ನಿನ ಗಟ್ಟಿ ಜಾಗದಲ್ಲಿ ಕಿರಿದಾಗಿ. ಪಕ್ಕೆಯ ಹತ್ತಿರ ಬಂದಾಗ ಕೂದಲೆಳೆಯಷ್ಟು ಹೆಚ್ಚು ಅಗಲವಾಗಿ, ಯಾಕೆಂದರೆ ಅಲ್ಲಿ ಎಳೆದಾಗ ಸಣಕಲಾಗುತ್ತದೆ. ಎಲ್ಲಿ ಎಷ್ಟು ಎಂಬುದು ಕ್ಲೆಮ್‌ನ ತಲೆಗೆ ಗೊತ್ತಿರಲಿಲ್ಲ, ಹೆಬ್ಬೆರಳಿಗೆ ಗೊತ್ತಿತ್ತು.

ಗಾಯ ಮಾಗಿದ ಮೇಲೆ ಅವನು ಕತ್ತರಿಸಿದ ಬಾರುಗಳು ಒಂದು ಕಡೆ ರಿಬ್ಬನ್ನು, ಇನ್ನೊಂದು ಕಡೆ ನೂಲು. ಹೆಣೆಯುವವಳು ಓನಾ. ಅವಳು ಏನೂ ಹೇಳಲಿಲ್ಲ. ಅವನ್ನೆಲ್ಲ ಚಾವಟಿಯ ಒಳಗಿನ ತಿರುಳಿಗೆ, ಯಾರ ಕಣ್ಣಿಗೂ ಬೀಳದ ಕಡೆ, ಹೆಣೆದು ಮುಚ್ಚಿದಳು. ಗುರುವಾರ ಮಧ್ಯಾಹ್ನ ಅವನು ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಆಡಲು ಕ್ಲಬ್ಬಿಗೆ ಹೋದ ಮೇಲೆ ಮೇಲ್ಹೊದಿಕೆಯ ಎಳೆಗಳನ್ನು ತಾನೇ ಕತ್ತರಿಸಿದಳು. ಆಲೂಗಡ್ಡೆ ಹೆರೆಯುವ ಚಾಕುವನ್ನು ಕಲ್ಲಿಗೆ ಉಜ್ಜಿ ಹರಿತ ಮಾಡಿ, ಹೆಣೆಯುವಾಗ ಎಳೆಗಳಿಗೆ ಹಚ್ಚಲು ಕೊಬ್ಬು ಸಾಬೂನು ಸೇರಿಸಿ ಕುದಿಸಿದ ಜಿಡ್ಡಿನ ಡಬ್ಬದ ಹಿಂದೆ ಬಚ್ಚಿಟ್ಟಿದ್ದಳು. ಕತ್ತರಿಸಿದ್ದನ್ನು ಒದ್ದೆ ಮಾಡಿ, ತೂಕ ಕಟ್ಟಿ ಎಳೆದು, ಅಂಚು ಹೆರೆದು, ಕ್ಲೆಮ್‌ನ ಮೊಳೆಗೇ ತೂಗುಹಾಕುತ್ತಿದ್ದಳು. ಮರುದಿನ ಅವನು ಅದನ್ನು ಕೈಯಲ್ಲಿ ಸವರಿ "ಪರವಾಗಿಲ್ಲ" ಅನ್ನುತ್ತಿದ್ದ. "ನೀನು ಕತ್ತರಿಸಿದ್ದು ಯಾವಾಗ ಕೆಟ್ಟಿತ್ತು?" ಎಂದು ಇವಳು.

ಅವಳಿಗಿದ್ದದ್ದು ಒಂದೇ ಭಯ. ಅವರ ಚಿಕ್ಕಪ್ಪ ಪರ್ಸಿ ಸೊಂಟ ಸೋತ ವರ್ಷ ಉಣ್ಣೆ ಕತ್ತರಿಸುವ ಯಂತ್ರವನ್ನು ಬೇರೆಯವರ ಕೈಗೆ ಕೊಟ್ಟ. ಕೊಟ್ಟವನು ಪಬ್ಬಿನ ಜಗಲಿಯ ಬೆಂಚಿನ ಮೇಲೆ ಕೂತ. ಹೋಗುವ ಬರುವ ಲಾರಿಗಳನ್ನು ನೋಡುತ್ತ, ಆ ಬೆಂಚಿನಿಂದ ಏಳಲೇ ಇಲ್ಲ. ಚಾಕು ಕೆಳಗಿಟ್ಟರೆ ಕ್ಲೆಮ್ ಕೂಡ ಹಾಗೇ ಕೂತುಬಿಡುತ್ತಾನೆ ಎಂದು ಅವಳಿಗೆ ಅನಿಸಿತ್ತು.

ಥೆಲ್ಮಾ ಲೋಟ ಕೆಳಗಿಟ್ಟು ಎದ್ದಳು. "ಗುರುವಾರ ಬರ್ತೀನಿ. ಆಗಿರ್ಬೇಕು."

"ಗುರುವಾರ ನಾನಿರಲ್ಲ, ಓನಾ ಇರ್ತಾಳೆ."

"ಒಳ್ಳೇದೇ ಆಯ್ತು. ನೀನಿದ್ರೆ ಮಾತೇ ಜಾಸ್ತಿ."

ಅವಳ ಗಾಡಿಯ ಸದ್ದು ರಸ್ತೆಗೆ ಸೇರಿ ಕರಗಿತು. ತಗಡಿನ ಮೇಲೆ ಗಿಳಿಗಳು ಉಗುರು ಕೆರೆಯುತ್ತ ಓಡಾಡಿದವು. ಕ್ಲೆಮ್ ತುಟಿಗೆ ತಾಗಿಸಿದ್ದ ಆ ಚರ್ಮವನ್ನೇ ಕೆಲಸದ ಮೇಜಿನ ಮೇಲೆ ಮಗುಚಿ ಹಾಸಿದ.

"ಬಯಲಲ್ಲಿ ಬೆಳೆದ ಹೆಣ್ಣು," ಎಂದ. "ಮುಳ್ಳುತಂತಿ ಕಂಡೇ ಇಲ್ಲ. ಕುತ್ತಿಗೆ ಹತ್ರ ಒಂದು ಉಣ್ಣಿ ಕಚ್ಚಿದ ಗುರುತು ಇದೆ, ಅದು ಅಂಚಿಗೇ ಹೋಗ್ಬಿಡುತ್ತೆ."

ಕಾಲಿನ ತುಂಡುಗಳನ್ನೂ ಹೊಟ್ಟೆಯ ಸಡಿಲು ಅಂಚನ್ನೂ ಕತ್ತರಿಸಿ ತೆಗೆದು, ಮೂಲೆಗಳನ್ನು ದುಂಡಗೆ ಮಾಡಿದ. ಅಷ್ಟಕ್ಕೆ ಹೆಬ್ಬೆರಳು ಬೇಕಿರಲಿಲ್ಲ. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಶುರು ಮಾಡುವ ಜಾಗಕ್ಕೆ ಗುರುತು ಹಾಕಿದ. ಗುರುತಿನ ಪಕ್ಕ ಒಂದು ಬಾಣ ಎಳೆದ.

ಓನಾ ನೋಡಿದಳು. ಅವನು ಇಷ್ಟು ವರ್ಷ ಸುತ್ತಿದ ದಿಕ್ಕಿಗೆ ಬಾಣ ಬೆನ್ನು ಹಾಕಿತ್ತು.

"ಬಾಣ ಉಲ್ಟಾ ಆಯ್ತು, ಕ್ಲೆಮ್."

"ಎಡಚಿಗೆ ಸರಿಯಾಗೇ ಇದೆ."

ಅವಳು ತನ್ನ ಎಡಗೈಯನ್ನು ನೋಡಿಕೊಂಡಳು, ಅದು ಬೇರೆ ಯಾರದ್ದೋ ಎಂಬಂತೆ.

"ಯಾವಾಗಿಂದ ಗೊತ್ತು?"

"ಮೊದಲ್ನೇ ಗೊಂಚಲಿಂದ. ನಾನು ಕತ್ತರಿಸಿದ ಬಾರು ಮೊಳೆಗೆ ಹಾಕಿದ್ರೆ ಕಿಟಕಿ ಕಡೆ ಸುರುಳಿ ಸುತ್ತುತ್ತೆ. ಬಲಕ್ಕೆ. ನಿಂದು ಎಡಕ್ಕೆ, ಗೋಡೆ ಕಡೆ. ಬೆರಳು ಸತ್ತಿದೆ ಅಷ್ಟೆ, ಕಣ್ಣಲ್ಲ."

"ತೂಕ ಕಟ್ಟಿ ಎಳೆದಿದ್ನಲ್ಲ."

"ಎಳೆದ್ರೆ ನೆಟ್ಟಗಾಗುತ್ತೆ. ಒಣಗಿದ ಮೇಲೆ ಮತ್ತೆ ಸುತ್ಕೊಳುತ್ತೆ."

"ಹೇಳ್ಬಾರದಿತ್ತಾ?"

"ನೀನು ಹೇಳ್ಬಾರದಿತ್ತಾ?"

ಕ್ಲೆಮ್ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡ.

"ಗುರುವಾರ ಒಳ್ಳೇ ಚರ್ಮ ತಾನಾಗೇ ಎಲ್ಲದರ ಮೇಲೆ ಬಂದು ಕೂತಿರ್ತಿತ್ತು ಅಂದ್ಕೊಂಡಿದ್ಯಾ?" ಎಂದ. "ಬುಧವಾರ ಸಂಜೆ ಆರಿಸಿ ಇಡ್ತಿದ್ದೆ."

"ಬೌಲ್ಸ್?"

"ಈ ಬೆರಳಲ್ಲಿ ಚೆಂಡು ಹಿಡಿಯೋಕಾಗುತ್ತಾ? ಕ್ಲಬ್ ಹಿಂದೆ ಕಾರು ನಿಲ್ಲಿಸ್ಕೊಂಡು ರೇಡಿಯೋದಲ್ಲಿ ಕುದುರೆ ರೇಸ್ ಕೇಳ್ತಿದ್ದೆ. ನಿನ್ ಕೆಲಸ ಮುಗಿಯೋ ತನಕ ಟೈಮ್ ಬೇಕಲ್ಲ."

ಗೋಡೆಯ ನೆರಳಿನಲ್ಲಿ ನಿಂತ ಕಾರು ಓನಾಳ ಕಣ್ಣಿಗೆ ಕಟ್ಟಿತು. ಇಳಿಸಿದ ಗಾಜು, ಮೊಣಕಾಲ ಮೇಲೆ ಟೋಪಿ, ಲಾರಿಗಳ ಬದಲು ಕುದುರೆಗಳು. ಜಗಲಿಯ ಬೆಂಚಿನಿಂದ ಅವನನ್ನು ದೂರ ಇಟ್ಟಿದ್ದೇನೆ ಎಂದು ಅವಳು ಅಂದುಕೊಂಡಿದ್ದಳು. ಬೆಂಚಿಗೆ ಚಕ್ರಗಳಿದ್ದವು, ಅಷ್ಟೆ.

ಕ್ಲೆಮ್ ತನ್ನ ಚಾಕುವನ್ನು ಅಂಗೈಯಲ್ಲಿ ತಿರುಗಿಸಿ ಹಿಡಿಯ ಕಡೆಯನ್ನು ಅವಳತ್ತ ಚಾಚಿದ. ಹಿಡಿಗೆ ಸುತ್ತಿದ ಹೆಣಿಗೆ ಅವಳದ್ದೇ, ಮೊದಲು ಕಲಿತಾಗ ಹೆಣೆದದ್ದು. ಅವನ ಹೆಬ್ಬೆರಳು ಕೂರುವ ಕಡೆ ಸವೆದು ಗುಳಿ ಬಿದ್ದಿತ್ತು.

"ತಗೋ. ಆಲೂಗಡ್ಡೆ ಚಾಕುನಲ್ಲಿ ಥೆಲ್ಮಾ ಚಾವಟಿ ಕತ್ತರಿಸೋದು ಬೇಡ. ಇನ್ಮೇಲೆ ಇದು ನಿಂದು. ನಾನು ಕೂತು ಕತ್ತರಿಸೋ ಸ್ಟೂಲೂ ನಿಂದೇ."

ಅವಳ ಎಡಗೈ ಆಗಲೇ ಅರ್ಧ ಮೇಲೆ ಬಂದಿತ್ತು. ಆ ಚಾಕು ಅವಳಿಗೆ ಬೇಕಿರಲಿಲ್ಲ ಎಂದಲ್ಲ. ಗುರುವಾರಗಳಲ್ಲಿ ಅದನ್ನು ಎಷ್ಟೋ ಸಲ ಎತ್ತಿಕೊಂಡು, ಮತ್ತೆ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಇಟ್ಟಿದ್ದಳು. ಆದರೆ ಯಂತ್ರ ಕೊಟ್ಟ ಮೇಲೆ ಕೂತೇಬಿಟ್ಟ ಪರ್ಸಿ ನೆನಪಾಗಿ, ಓನಾ ಕೈಯನ್ನು ಏಪ್ರನ್ ಜೇಬಿಗೆ ತುರುಕಿದಳು. ಇನ್ನೊಂದು ಕೈಯಿಂದ ಜಿಡ್ಡಿನ ಡಬ್ಬವನ್ನು ಪಕ್ಕಕ್ಕೆ ಸರಿಸಿ, ತನ್ನ ಚಾಕುವನ್ನು ತೆಗೆದು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಳು.

"ಥೆಲ್ಮಾ ಬಾರು ನಾನು ಕತ್ತರಿಸ್ತೀನಿ," ಎಂದಳು. "ನೀನು ಸ್ಟೂಲಲ್ಲೇ ಕೂತು ಎಲ್ಲಿ ಅಗಲ, ಎಲ್ಲಿ ಕಿರಿದು ಅಂತ ಹೇಳು. ಗುರುವಾರಾನೂ."

"ಅದಿರ್ಲಿ. ಮೊದಲು ಇದನ್ನ ತಗೋ."

"ತಗೊಳ್ಳಲ್ಲ."