ಮರ ಹತ್ತದವನ ಮಗಳು

ನೂರ ಹದಿನಾರು. ಸುಮನಾ ಇನ್ನೊಮ್ಮೆ ಎಣಿಸಿದಳು. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಪೂರ್ತಿ ಒಂದು ಸುತ್ತು ಬರುವವರೆಗೆ ಕಾದಳು. ಈ ಸಲ ನೂರ ಹದಿನೆಂಟು. ದಿಂಬಿನ ಕೆಳಗಿದ್ದ ಡೈರಿ ತೆಗೆದು ಬರೆದಳು: ‘ಮೆಟ್ಟಿಲು ಹತ್ತಿಲ್ಲ. ನೀರು ಹೊತ್ತಿಲ್ಲ. ಸುಮ್ಮನೆ ಕೂತಿದ್ದೆ. ನನಗೆ ಭಯ ಆಗುತ್ತಿದೆ.’ ಬರೆದ ಮೇಲೆ ಕೊನೆಯ ವಾಕ್ಯವನ್ನು ಹೊಡೆದುಹಾಕಿದಳು. ಓದುವವರು ತನ್ನನ್ನು ಬಿಟ್ಟರೆ ಇನ್ನಾರೂ ಇರಲಿಲ್ಲ, ಆದರೂ ಹೊಡೆದುಹಾಕಿದಳು.

“ಮಾತ್ರೆ ನುಂಗಿದೇನೇ?” ಅಡುಗೆಮನೆಯಿಂದ ಅವಳ ತಾಯಿ ಕಲ್ಲಮ್ಮ ಕೂಗಿದಳು.

“ನುಂಗ್ದೆ ಕಣಮ್ಮ, ಆಗ್ಲೇ.”

“ಹಂಗಾದ್ರೆ ಕಾಫಿ ಗೀಫಿ ಅಂತ ಈ ಕಡೆ ಬರ್ಬೇಡ. ಡಾಕ್ಟ್ರಮ್ಮ ಹೇಳವ್ರೆ.”

ಬಟವಾಡಿಯ ಕ್ಲಿನಿಕ್ಕಿನ ಡಾಕ್ಟರಮ್ಮ ಹಸಿವು ಕಡಿಮೆ ಮಾಡುವ ಆ ಮಾತ್ರೆಯನ್ನು ಕೇಳಿದ ತಕ್ಷಣ ಗೀಚಿಕೊಟ್ಟವರಲ್ಲ. ಬೆಳಿಗ್ಗೆ ಒಂದೇ ಮಾತ್ರೆ, ಮೇಲೆ ಕಾಫಿ ಬೇಡ. ಹದಿನೈದು ದಿನಕ್ಕೊಮ್ಮೆ ಬಂದು ಬಿಪಿ, ನಾಡಿ ತೋರಿಸಬೇಕು. ಮೂರು ತಿಂಗಳಾದ ಮೇಲೆ ನೀವು ಬೇಡಿಕೊಂಡರೂ ಬರೆಯುವುದಿಲ್ಲ. ಎದೆ ಹೊಡೆದುಕೊಂಡರೆ ಅಂದೇ ನಿಲ್ಲಿಸಿ ಅಂದೇ ಬರಬೇಕು. ಬೆರಳು ಮಡಿಚಿ ಮಡಿಚಿ ಹೇಳಿದ್ದರು. ಅಷ್ಟೆಲ್ಲದರಲ್ಲಿ ಕಲ್ಲಮ್ಮ ಕಟ್ಟುನಿಟ್ಟಾಗಿ ಹಿಡಿದುಕೊಂಡಿದ್ದು ಕಾಫಿಯದೊಂದನ್ನೇ.

ತಾಯಿ ಮಗಳನ್ನು ಅಲ್ಲಿಗೆ ಕರೆದೊಯ್ದವಳು ಪ್ರಮೀಳಾ. ಆ ಕ್ಲಿನಿಕ್ಕಿನ ನರ್ಸು, ಇವರದೇ ಬೀದಿಯವಳು. ಕುಣಿಗಲ್ಲಿನ ಸಂಬಂಧ ತಂದವಳೂ ಅವಳೇ. ಹುಡುಗ ಗುರುಪ್ರಕಾಶ್ ಅವಳ ಚಿಕ್ಕಮ್ಮನ ಮಗ, ಸಹಕಾರಿ ಬ್ಯಾಂಕಿನಲ್ಲಿ ಕೆಲಸ. “ಫೋಟೋ ನೋಡಿ ಮುಖ ಲಕ್ಷಣವಾಗೈತೆ ಅಂದ್ರು ಕಲ್ಲಮ್ನೋರೇ. ಒಂಚೂರು ಮೈ ಇಳಿಸ್ಲಿ ಅಂತಾರೆ, ಅಷ್ಟೇಯ. ನಮ್ ಡಾಕ್ಟ್ರು ಇಲ್ವಾ?” ಎಂದಿದ್ದಳು.

ಮೊದಲ ದಿನ ಡಾಕ್ಟರಮ್ಮ ಕೇಳಿದ್ದನ್ನೆಲ್ಲ ಫಾರಮ್ಮಿಗೆ ಬರೆದುಕೊಂಡವಳೂ ಪ್ರಮೀಳಾನೇ. “ಮನೇಲಿ ಯಾರಿಗಾದ್ರೂ ಹಾರ್ಟ್ ತೊಂದರೆ ಇತ್ತಾ? ಚಿಕ್ಕ ವಯಸ್ಸಲ್ಲಿ ತೀರಿಕೊಂಡವರು?” ಎಂದು ಕೇಳಿದ್ದರು ಡಾಕ್ಟರಮ್ಮ.

ಸುಮನಾ ಬಾಯಿ ತೆರೆಯುವ ಮೊದಲೇ ಕಲ್ಲಮ್ಮ ಹೇಳಿದ್ದಳು. “ಯಾರ್ಗೂ ಇಲ್ಲ ಕಣ್ರವ್ವ. ಇವ್ರಪ್ಪ ತೆಂಗಿನ್ ಮರದಿಂದ ಬಿದ್ದು ಹೋದ್ರು.”

ಅಪ್ಪ ಮಹಾದೇವಯ್ಯ ಜನ್ಮದಲ್ಲಿ ಮರ ಹತ್ತಿದವನಲ್ಲ. ಬಲ್ಬು ಹಾಕಲು ಸ್ಟೂಲು ಹತ್ತಿದರೂ “ಬಿಟ್ಬುಟ್ಟೀಯೇ, ಗಟ್ಟಿಯಾಗಿ ಹಿಡ್ಕಳೇ” ಎಂದು ಹೆಂಡತಿಯನ್ನು ಗದರುವವನು. ಗುಬ್ಬಿ ಕಡೆಯ ತೋಟದಲ್ಲಿ ಒಂದು ಬೆಳಿಗ್ಗೆ ನೀರು ಕಟ್ಟುತ್ತಿದ್ದವನು ಗುದ್ದಲಿ ಇಟ್ಟು ಎದೆ ನೀವಿಕೊಂಡ. “ಯಾಕೋ ಉರೀತೈತೆ ಮಗಾ, ಓಡೋಗಿ ಒಂದು ಸೋಡಾ ತಗೊಂಡ್ ಬಾ” ಎಂದ. ಹತ್ತು ವರ್ಷದ ಸುಮನಾ ಅಂಗಡಿಗೆ ಓಡಿ, ಸೋಡಾ ಚೆಲ್ಲಬಾರದೆಂದು ಬರುವಾಗ ನಡೆದುಕೊಂಡೇ ಬಂದಳು. ಅಪ್ಪ ಮರಕ್ಕೆ ಒರಗಿ ಕೂತಿದ್ದ. ನಲವತ್ತೊಂದು ತುಂಬಿತ್ತು. ದೊಡ್ಡಪ್ಪ ಮೂವತ್ತೊಂಬತ್ತಕ್ಕೇ ಹೀಗೆ ಹೋಗಿದ್ದ.

ಸತ್ತ ಮೇಲೆ ಅಪ್ಪನನ್ನು ಮರ ಹತ್ತಿಸಿದವನು ಸೋದರಮಾವ ಏಕಾಂತಯ್ಯ. ಮಣ್ಣು ಮಾಡಿ ಬಂದ ಸಂಜೆಯೇ ಅಕ್ಕನನ್ನು ಹಿತ್ತಲಿಗೆ ಕರೆದು, “ಹೆಣ್ಮಗ ಐತೆ ಮನೇಲಿ. ಮರದ ಬುಡದಲ್ಲೇ ತಾನೆ ಸಿಕ್ಕಿದ್ದು? ಎಳನೀರು ಕೀಳೋಕೋಗಿ ಬಿದ್ದ ಅನ್ನು” ಎಂದ. ಊರಿನವರು ನಂಬಿದಂತೆ ಕಂಡರು. ಎರಡು ವರ್ಷದ ಹಿಂದೆ ಗುಬ್ಬಿಯದೇ ಒಂದು ಸಂಬಂಧ ದಿನ ಗೊತ್ತು ಮಾಡುವವರೆಗೂ ಬಂದು ನಿಂತುಹೋದಾಗಲಷ್ಟೇ ತಿಳಿಯಿತು, ಯಾರೂ ನಂಬಿರಲಿಲ್ಲವೆಂದು. “ಆ ಮನೇರು ನಲವತ್ತು ದಾಟಾಕಿಲ್ಲ, ಎದೆ ಒಡ್ದೇ ಸಾಯದು” ಎಂದು ಯಾರೋ ಗಂಡಿನವರ ಕಿವಿಗೆ ಹಾಕಿದ್ದರು. ಅವರು ಊರು ಬಿಟ್ಟು ಬಂದು ನೆಲೆಸಿದ ಈ ಬೀದಿಗಾಗಲಿ, ಕುಣಿಗಲ್ಲಿಗಾಗಲಿ ಆ ಮಾತು ಇನ್ನೂ ಮುಟ್ಟಿರಲಿಲ್ಲ.

ಕಲ್ಲಮ್ಮ ಎಣ್ಣೆ ಬಟ್ಟಲು, ಬಾಚಣಿಗೆ ಹಿಡಿದು ಬಂದು ಮಗಳ ಹಿಂದೆ ಕೂತಳು. ಸಿಕ್ಕು ಬಿಡಿಸುತ್ತಾ, “ಬೆಳಿಗ್ಗೆಯಿಂದ ಅರ್ಧ ಚಪಾತಿ ತಿಂದಿದೀಯ. ಸಾಕಾ?” ಎಂದಳು.

“ಹಸಿವೇ ಇಲ್ಲಮ್ಮ.”

“ಅದ್ಕೆ ತಾನೆ ನುಂಗ್ತಿರೋದು,” ಎನ್ನುತ್ತಿದ್ದ ಹಾಗೇ ಮಗಳ ಬೆನ್ನ ಮೇಲಿದ್ದ ಕಲ್ಲಮ್ಮನ ಎಡಗೈ ನಿಂತಿತು. ರವಿಕೆಯ ಬಟ್ಟೆಯಾಚೆಗೂ ಸುಮನಾಳ ಎದೆ ಬಡಿತ ಅಂಗೈಗೆ ತಾಕುತ್ತಿತ್ತು. ಬಾಚಣಿಗೆಯೂ ನಿಂತಿತು. ಸುಮನಾ ಕಾದಳು. ಈಗ ಅಮ್ಮ ಕೇಳಿದರೆ ಹೇಳಿಬಿಡುತ್ತೇನೆ ಎಂದುಕೊಂಡಳು.

ಕಲ್ಲಮ್ಮ ಕೇಳಲಿಲ್ಲ. ಕೈ ತೆಗೆದು, ಜಡೆಯ ಮೂರು ಕಾಲುಗಳನ್ನು ಬೇರೆ ಮಾಡಿಕೊಂಡಳು. “ನಾಡಿದ್ದು ಕ್ಲಿನಿಕ್ಕಿಗೆ ಹೋಗ್ಬೇಕು. ಅಲ್ಲಿಗಂಟ ಮಾತ್ರೆ ಬುಡು. ತೋರಿಸ್ಕೊಂಡು ಬಂದ್ಮೇಲೆ ಮತ್ತೆ ನುಂಗಿದ್ರಾಯ್ತು.” ಜಡೆ ಎಂದಿಗಿಂತ ಬಿಗಿಯಾಗಿತ್ತು.

ಎರಡು ದಿನ ಮಾತ್ರೆ ಇಲ್ಲದೆ ಎದೆ ಬಡಿತ ತನ್ನ ಪಾಡಿಗೆ ತಾನು ಇಳಿಯಿತು. ಹಸಿವು ಮಾತ್ರ ತಿರುಗಿ ಬಂತು. ಸುಮನಾ ಎರಡು ಮುದ್ದೆ ಉಂಡಳು. ಕಲ್ಲಮ್ಮ ಎರಡನೆಯದನ್ನು ಬಡಿಸಿ, ಮಗಳು ಉಂಡು ಮುಗಿಸುವವರೆಗೂ ಮುಖ ಬಾಗಿಲ ಕಡೆಗೆ ಮಾಡಿಕೊಂಡು ಕೂತಿದ್ದಳು.

ಕ್ಲಿನಿಕ್ಕಿನ ತೂಕದ ಮುಳ್ಳು ನೋಡಿ ಪ್ರಮೀಳಾ ಕೈ ತಟ್ಟಿದಳು. “ನಾಕೂವರೆ ಕೆಜಿ ಇಳ್ದವ್ಳೆ! ಕಲ್ಲಮ್ನೋರೇ, ಭಾನ್ವಾರ ಎಡೆಯೂರಿಗೆ ಕರ್ಕೊಂಡ್ ಬಂದ್ಬುಡಿ. ನಮ್ಮೋರೂ ದೇವ್ರಿಗೆ ಬಂದಂಗೆ ಬರ್ತಾರೆ. ನಮ್ ಹುಡ್ಗ ಫೋಟೋ ಬ್ಯಾರೆ, ಹುಡ್ಗಿ ಬ್ಯಾರೆ ಅಂತ ಜಗಳ ತೆಗೀತಾನೆ ನೋಡಿ.”

“ನಿನ್ ಬಾಯಿಗೆ ಸಕ್ಕರೆ ಹಾಕ ತಾಯಿ,” ಎಂದಳು ಕಲ್ಲಮ್ಮ. ಹೀಗೆ ಬಾಯ್ತುಂಬ ಅವಳು ನಕ್ಕಿದ್ದನ್ನು ಸುಮನಾ ನೋಡಿ ಎಷ್ಟೋ ಕಾಲವಾಗಿತ್ತು.

ಡಾಕ್ಟರಮ್ಮ ತಾವೇ ಮಣಿಕಟ್ಟು ಹಿಡಿದರು. “ಎಂಬತ್ತೆರಡು. ಪರವಾಗಿಲ್ಲ. ಎದೆ ಹೊಡ್ಕೊಳ್ಳೋದು, ನಿದ್ದೆ ಬರ್ದೆ ಇರೋದು ಏನಾದ್ರೂ?”

“ಏನಿಲ್ಲ ಕಣ್ರವ್ವ.”

“ಅವಳನ್ನ ಕೇಳಿದ್ದಮ್ಮ ನಾನು.”

ಸುಮನಾ ತಲೆಯನ್ನು ಅತ್ತಿತ್ತ ಆಡಿಸಿದಳು. ಇಲ್ಲ ಎಂದೂ ತಿಳಿದುಕೊಳ್ಳಬಹುದಿತ್ತು. ಡಾಕ್ಟರಮ್ಮ ಹಾಗೇ ತಿಳಿದುಕೊಂಡು ಪೆನ್ನಿನ ಮುಚ್ಚಳ ತೆಗೆದರು. “ಸರಿ, ಇದು ನಿನ್ನ ಮೈಗೆ ಒಗ್ಗಿದೆ ಅಂತಾಯ್ತು. ಇನ್ನೊಂದು ತಿಂಗಳಿಗೆ ಸ್ವಲ್ಪ ಹೆಚ್ಚಿನ ಡೋಸೇ ಬರೀತೀನಿ. ಪ್ರಮೀಳಾ, ಬಿಪಿ ಒಂದು ನೋಡ್ಬಿಡು.”

ಪ್ರಮೀಳಾ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವ ರಬ್ಬರ್ ಚೆಂಡು ಒತ್ತತೊಡಗಿದಳು. “ಭಾನ್ವಾರ ಹಸಿರು ಸೀರೆ ಉಟ್ಕೊಳ್ಳೇ,” ಎಂದು ಕಿವಿಯ ಹತ್ತಿರ ಪಿಸುಗುಟ್ಟಿದಳು. ಮೇಜಿನ ಆಚೆ ಪೆನ್ನು ಚೀಟಿಯ ಮೇಲೆ ಓಡುತ್ತಿತ್ತು. ಹೆಚ್ಚಿನ ಡೋಸು. ನಾಳೆ ಬೆಳಿಗ್ಗೆ ನಾಡಿ ಎಷ್ಟಾಗುತ್ತದೆ? ನೂರ ಮೂವತ್ತು? ಈ ಡಾಕ್ಟರಮ್ಮ ನೀತಿಯವರು, ಕೇಳಬೇಕಾದ್ದನ್ನೆಲ್ಲ ಕೇಳಿದ್ದಾರೆ. ಹೇಳದೆ ಇದ್ದವರು ನಾವು. ಸುಮನಾ ತಾಯಿಯ ಕಡೆ ನೋಡಿದಳು. ಕಲ್ಲಮ್ಮನ ಮುಖದಲ್ಲಿ ಆ ನಗು ಇನ್ನೂ ಪೂರ್ತಿ ಆರಿರಲಿಲ್ಲ. ಅದನ್ನು ನೋಡುತ್ತಾ ಹೇಳುವುದು ಆಗಲಿಲ್ಲ. ಚೀಟಿಯನ್ನು ನೋಡಿಕೊಂಡು ಹೇಳಿದಳು.

“ಡಾಕ್ಟ್ರೇ, ನಮ್ಮಪ್ಪ ಮರದಿಂದ ಬೀಳ್ಲಿಲ್ಲ. ಎದೆನೋವು ಬಂದು ಹೋದ್ರು.”

ಧ್ವನಿ ಅವಳು ಎಣಿಸಿದ್ದಕ್ಕಿಂತ ದೊಡ್ಡದಾಗಿತ್ತು. ಹೊರಗೆ ಬೆಂಚಿನ ಮೇಲಿದ್ದವರೂ ಇತ್ತ ತಿರುಗಿದರು. ಪೆನ್ನು ನಿಂತಿತು. ಪ್ರಮೀಳಾಳ ಬೆರಳು ಗಾಳಿ ಬಿಡುವ ತಿರುಪಿನ ಮೇಲೆ ಇದ್ದಲ್ಲೇ ಇತ್ತು. ಪಟ್ಟಿ ತೋಳನ್ನು ಬಿಗಿದು ಹಿಡಿದಿತ್ತು. ಗಾಜಿನ ಕೊಳವೆಯಲ್ಲಿ ಪಾದರಸ ನೂರ ಎಂಬತ್ತರ ಗೆರೆಯ ಹತ್ತಿರ, ಇಳಿಯದೆ, ಸಣ್ಣಗೆ ನಡುಗುತ್ತಿತ್ತು.