ಲೋರ್ನ್ ಹೇಳಿದ ದಿಕ್ಕು

ಪಕ್ಕದ ಮನೆಯ ಲೋರ್ನ್ ಟ್ವೀಡಿಯ ಆಂಟೆನಾ ಕಂಡರೆ ಎಲ್ಡನ್ ಪ್ರಿಂಗಲ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಎರಡೂ ಮನೆಯ ಕಂಬಗಳು ಒಂದೇ ಎತ್ತರ, ಒಂದೇ ವರ್ಷ ನಿಲ್ಲಿಸಿದ್ದು. ಆದರೂ ಅವನಿಗೆ ಮೂವತ್ತಾರು ಚಾನೆಲ್, ಇವನಿಗೆ ಒಂಬತ್ತು. ಆ ಒಂಬತ್ತರಲ್ಲೂ ಎರಡು, ನಾಲ್ಕು ಹನಿ ಮಳೆ ಬಿದ್ದರೆ ಚೌಕ ಚೌಕವಾಗಿ ಒಡೆದುಹೋಗುತ್ತಿದ್ದವು. ಹೊಟ್ಟೆಕಿಚ್ಚಿಗೆ ಇಷ್ಟು ಸಾಲದೇ?

ಕೆನಡಾದ ಕೋಬರ್ಗ್ ಊರಿನ ಸರೋವರದ ದಂಡೆಯವರು ತಿಂಗಳು ತಿಂಗಳು ದುಡ್ಡು ಕಟ್ಟಿ ಟಿವಿ ನೋಡುವ ಜನವಲ್ಲ. ಪಶ್ಚಿಮಕ್ಕೆ ಟೊರಾಂಟೊ, ದಕ್ಷಿಣಕ್ಕೆ ನೀರಿನಾಚೆ ಅಮೆರಿಕದ ರಾಚೆಸ್ಟರ್. ಟಿವಿ ಪಕ್ಕದ ಡಬ್ಬಿಯ ಮೇಲಿನ ಮುಳ್ಳು ತಿರುಗಿಸಿದರೆ ಕಂಬದ ತುದಿಯ ಮೋಟಾರು ಆಂಟೆನಾವನ್ನು ಬೇಕಾದ ಕಡೆಗೆ ಹೊರಳಿಸುತ್ತದೆ. ಎರಡು ದೇಶದ ಚಾನೆಲ್ಲುಗಳು ಪುಕ್ಕಟೆ. ಎಲ್ಲ ಡಿಜಿಟಲ್ ಆದ ಮೇಲೂ ಯಾರೂ ಕಂಬ ಕಿತ್ತಿರಲಿಲ್ಲ. ಆದರೆ ಮಾರ್ಚ್ ತಿಂಗಳ ಬಿರುಗಾಳಿ ಬೀಸಿಹೋದಾಗಿನಿಂದ ಎಲ್ಡನ್ ಮನೆಯಲ್ಲಿ ರಾಚೆಸ್ಟರ್ ಅನ್ನುವುದೇ ನಾಪತ್ತೆ.

ಬೇರೆ ಸಮಯವಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಈ ಶನಿವಾರ ಹಾಗನ್ನುವಂತಿರಲಿಲ್ಲ. ಮಗಳ ಮಗಳು ಬ್ರಿನ್, ಹನ್ನೊಂದು ವರ್ಷದ ಪೋರಿ, ಇರುವುದು ರಾಚೆಸ್ಟರಿನಲ್ಲೇ. ಶಾಲೆಗಳ ರಸಪ್ರಶ್ನೆಯಲ್ಲಿ ಫೈನಲ್ ತಲುಪಿದ್ದಳು. ಅಲ್ಲಿನ ಚಾನೆಲ್ಲಿನಲ್ಲಿ ನಾಲ್ಕು ಗಂಟೆಗೆ ನೇರ ಪ್ರಸಾರ, ಅರ್ಧ ಗಂಟೆ, ಮತ್ತೆ ತೋರಿಸುವ ಮಾತೇ ಇಲ್ಲ. ಎಲ್ಡನ್‌ನ ಹೆಂಡತಿ ಮಾವಿಸ್ ಹದಿನೈದು ದಿನದಿಂದ ಅದೊಂದೇ ಜಪ ಮಾಡುತ್ತಿದ್ದಳು.

"ನಮ್ಮ ಆಂಟೆನಾ ಉತ್ತರಕ್ಕೆ ಮುಖ ಮಾಡಿ ನಿಂತಿದೆಯಂತೆ. ಲೋರ್ನ್ ಹೇಳ್ದ," ಅಂದಳು ಬುಧವಾರ.

"ಅವನಿಗೇನು ನಮ್ಮ ಮನೆ ಮೇಲೇ ಕಣ್ಣು? ಮುಳ್ಳು ನೋಡು. ದಕ್ಷಿಣ ಅಂತ ತೋರಿಸ್ತಿಲ್ವಾ?"

"ಒಂದ್ಸಲ ಹೊರಗೆ ಹೋಗಿ ತಲೆ ಎತ್ತಿ ನೋಡಿದ್ರೆ ಕುತ್ತಿಗೆ ಉಳುಕುತ್ತಾ ನಿಂಗೆ?"

"ಲೋರ್ನ್ ಹೇಳ್ದ ಅಂತ ನಾನು ತಲೆ ಎತ್ತಬೇಕಾ? ಇನ್ನೇನೇನು ಹೇಳ್ದ ನಿಮ್ಮ ಲೋರ್ನ್?"

'ನಿಮ್ಮ ಲೋರ್ನ್' ಅಂದದ್ದು ಸುಮ್ಮನೆ ಅಲ್ಲ. ನಲವತ್ನಾಲ್ಕು ವರ್ಷದ ಹಿಂದೆ ದಂಡೆಯ ನೃತ್ಯಮಂದಿರದಲ್ಲಿ ಎರಡು ಬೇಸಿಗೆ ಪೂರ್ತಿ ಮಾವಿಸ್ ಕುಣಿದದ್ದು ಲೋರ್ನ್ ಜೊತೆ. ಮೂರನೆಯ ಬೇಸಿಗೆಗೆ ಅವಳು ಎಲ್ಡನ್‌ನ ಕೈ ಹಿಡಿದಳು. ಯಾಕೆ ಅಂತ ಇವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಲೋರ್ನ್ ಬೇರೆಯವಳನ್ನು ಕಟ್ಟಿಕೊಂಡು ಪಕ್ಕದಲ್ಲೇ ಮನೆ ಮಾಡಿದ. ಅವನ ಹೆಂಡತಿ ಇರುವ ತನಕ ಎಲ್ಡನ್‌ನ ಹೊಟ್ಟೆ ತಣ್ಣಗಿತ್ತು. ಎರಡು ವರ್ಷದ ಹಿಂದೆ ಆಕೆ ತೀರಿಕೊಂಡಳು ನೋಡಿ, ಅಂದಿನಿಂದ ಮಾವಿಸ್ ಬೇಲಿಯ ಹತ್ತಿರ ಐದು ನಿಮಿಷ ನಿಂತರೂ ಇವನು ಗಡಿಯಾರ ನೋಡತೊಡಗಿದ.

ಗುರುವಾರ ಎಲ್ಡನ್ ಕೇಬಲ್ ಬದಲಾಯಿಸಿದ. ಶುಕ್ರವಾರ ಅದರ ಎರಡೂ ತುದಿಯ ತಿರುಪುಗಳನ್ನು ಉಜ್ಜಿ ತೊಳೆದು ಬಿಗಿದ, ಸಿಗ್ನಲ್ ಹೆಚ್ಚಿಸುವ ಪೆಟ್ಟಿಗೆಯೊಂದನ್ನು ಹೊಸದಾಗಿ ತಂದು ಸಿಕ್ಕಿಸಿದ. ಅಷ್ಟು ಮಾಡಿದವನು ಅಂಗಳಕ್ಕೆ ಇಳಿದು ಒಮ್ಮೆ ಮೇಲೆ ನೋಡಬಾರದೇ? ಊಹೂಂ. ನೋಡಿದರೆ ಲೋರ್ನ್ ಅಡುಗೆಮನೆ ಕಿಟಕಿಯಿಂದ ಅದನ್ನೂ ನೋಡುತ್ತಾನಲ್ಲ!

"ಎಲ್ಡನ್, ಏಣಿ ಬೇಕಾ? ನಾನೇ ಹತ್ತಿ ಸರಿ ಮಾಡ್ಲಾ?" ಅಂತ ಲೋರ್ನ್ ಬೇಲಿಯಾಚೆಯಿಂದ ಕೂಗಿದ.

"ನನ್ನ ಕಾಲು ಇನ್ನೂ ಬಿದ್ದುಹೋಗಿಲ್ಲ ಕಣಯ್ಯ."

"ಸಿಟ್ಯಾಕೋ ಮಾರಾಯ? ಆಗದಿದ್ರೆ ಇಬ್ರೂ ನಮ್ಮನೇಗೆ ಬನ್ನಿ. ನಮ್ಮಲ್ಲಿ ಗಾಜಿನ ಹಾಗೆ ಬರುತ್ತೆ."

ಗಾಜಿನ ಹಾಗೆ ಬರುತ್ತದಂತೆ, ಎಷ್ಟು ಜಂಬ! ಎಲ್ಡನ್ ಹಲ್ಲು ಕಚ್ಚಿಕೊಂಡು ಒಳಗೆ ಹೋದ.

ಶನಿವಾರ ಮೂರೂವರೆಗೆ ಮಾವಿಸ್ ನೀಲಿ ಸ್ವೆಟರ್ ಹಾಕಿಕೊಂಡು, ತಾನು ಬೇಯಿಸಿದ ಬೆಣ್ಣೆ ಟಾರ್ಟು ಅನ್ನುವ ಸಿಹಿತಿಂಡಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು.

"ಬರ್ತೀಯಾ, ಇಲ್ವಾ?"

"ಟಿವಿ ನೋಡೋಕೆ ಸ್ವೆಟರ್ ಯಾಕೆ ಬದಲಾಯಿಸಿದ್ದು?"

"ಅಯ್ಯೋ, ನಿನ್ನ ತಲೆ! ಮೊಮ್ಮಗಳು ಟಿವೀಲಿ ಬರ್ತಿದಾಳೆ, ನಾನು ಹಿಟ್ಟು ಮೆತ್ತಿದ ಬಟ್ಟೇಲಿ ಕೂತ್ಕೊಳ್ಲಾ?" ಅಂದು ಹೊರಟೇಬಿಟ್ಟಳು.

ಎಲ್ಡನ್ ಒಬ್ಬನೇ ಉಳಿದ. ಬೇಲಿಯಾಚೆ ಲೋರ್ನ್ ಅವಳಿಗೆ ಚಹಾ ಕೊಡುತ್ತಿರಬಹುದು, ಎರಡು ಸಕ್ಕರೆ ಅಂತ ಅವನಿಗೆ ಗೊತ್ತಿರಬಹುದು. ನಾಲ್ಕು ಹೊಡೆದು ಹತ್ತು ನಿಮಿಷವಾದಾಗ ತಡೆಯಲಾಗದೆ, ಈಗ ಅವರಿಬ್ಬರೂ ಕಿಟಕಿಯಲ್ಲಿರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ಅಂಗಳಕ್ಕೆ ಬಂದು ಮೇಲೆ ನೋಡಿದ. ಆಂಟೆನಾ ಸರೋವರಕ್ಕೆ ಬೆನ್ನು ಹಾಕಿ ಉತ್ತರಕ್ಕೆ ನೆಟ್ಟಗೆ ನಿಂತಿತ್ತು. ಬಿರುಗಾಳಿಗೆ ಮೋಟಾರಿನ ಹಿಡಿಕೆ ಸಡಿಲವಾಗಿ ಆಂಟೆನಾ ಹೊತ್ತ ಕೊಳವೆಯೇ ಅರ್ಧ ಸುತ್ತು ಜಾರಿತ್ತು. ಒಳಗಿನ ಮುಳ್ಳಿಗೆ ಅದೆಲ್ಲಿ ಗೊತ್ತಾಗಬೇಕು!

ಒಳಗೆ ಓಡಿ ಮುಳ್ಳನ್ನು ಉತ್ತರಕ್ಕೆ ತಿರುಗಿಸಿದ. ಮೇಲೆ ಆಂಟೆನಾ ಗರಗರನೆ ದಕ್ಷಿಣಕ್ಕೆ ಹೊರಳಿತು. ಹೊಸದಾಗಿ ಚಾನೆಲ್ ಹುಡುಕಲು ಒತ್ತಿದ. ಪರದೆಯ ಮೇಲಿನ ಪಟ್ಟಿ ಒಂದೊಂದೇ ಅಂಕಿ ಏರುತ್ತಿದ್ದರೆ, ಇವನು ಅದನ್ನೇ ಬೈಯುತ್ತ ನಿಂತಿದ್ದ. ನಾಲ್ಕು ಇಪ್ಪತ್ತೈದಕ್ಕೆ ಬ್ರಿನ್ ಬಂದೇಬಿಟ್ಟಳು! ಹಲ್ಲಿನ ತಂತಿ ಕೂಡ ಎಣಿಸಬಹುದು, ಅಷ್ಟು ಸ್ವಚ್ಛ. ಎರಡು ತಂಡಕ್ಕೂ ಸರಿಸಮ ಅಂಕ. ಎಲ್ಡನ್ ಕೂತು ನೋಡಬೇಕಿತ್ತು. ಆದರೆ ಅವನಿಗೆ ಹೊಳೆದದ್ದು ಒಂದೇ: ಮಾವಿಸ್ ಇದನ್ನು ಲೋರ್ನ್‌ನ ಮನೆಯಲ್ಲಿ ನೋಡಕೂಡದು.

ಲೋರ್ನ್‌ನ ಬಾಗಿಲು ತಟ್ಟದೆ ನುಗ್ಗಿದ. ಸೋಫಾದಲ್ಲಿ ಮಾವಿಸ್ ತುದಿಗೆ ಕೂತು ಲೋರ್ನ್‌ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವಳಿಗೆ ಗಾಬರಿಯಾದಾಗ ಎಲ್ಡನ್‌ನ ತೋಳನ್ನು ಹಿಡಿಯುವುದೂ ಹೀಗೇ.

"ಏಳು. ನಮ್ಮನೇಲೂ ಬಂತು."

"ಶ್! ಕೊನೇ ಪ್ರಶ್ನೆ!"

"ಅಲ್ಲಿ ಬಂದು ನೋಡು. ನಿನ್ನ ಮನೆ ಅದು, ಇದಲ್ಲ."

"ಎಲ್ಡನ್, ಎರಡೇ ನಿಮಿಷ ಕಣೋ, ಕೂತ್ಕೋ," ಅಂದ ಲೋರ್ನ್.

ಎಲ್ಡನ್ ಕೂರಲಿಲ್ಲ. ಹೋಗಿ ಟಿವಿಗೆ ಅಡ್ಡ ನಿಂತ. ಮಾವಿಸ್ ಬಲಕ್ಕೆ ಬಗ್ಗಿದಳು, ಎಡಕ್ಕೆ ಬಗ್ಗಿದಳು, ಅವನ ಮುಖ ನೋಡಿದಳು. ಆಮೇಲೆ ಎದ್ದು ಓಡುವ ಹಾಗೆ ಹೊರಟಳು. ಹುಲ್ಲಿನ ಮೇಲೆ ಅವಳ ಹಿಂದೆ ಹೆಜ್ಜೆ ಹಾಕುವಾಗ ಎಲ್ಡನ್‌ಗೆ ಗೆದ್ದ ಹಾಗೆಯೇ ಅನ್ನಿಸಿತು.

ಮನೆಯ ಟಿವಿಯಲ್ಲಿ ಮಕ್ಕಳು ಕುಣಿಯುತ್ತಿದ್ದರು. ಬ್ರಿನ್‌ಳನ್ನು ಗೆಳತಿಯರು ಎತ್ತಿ ಹಿಡಿದಿದ್ದರು, ಮೇಲಿಂದ ಬಣ್ಣದ ಕಾಗದದ ಚೂರು ಉದುರುತ್ತಿತ್ತು. ಪ್ರಶ್ನೆ ಏನು, ಹುಡುಗಿ ಏನಂದಳು, ಹೇಗೆ ಅಂದಳು, ಒಂದೂ ಇಲ್ಲ. ಹೆಸರುಗಳ ಪಟ್ಟಿ ಓಡಿತು, ಆಮೇಲೆ ಸೋಪಿನ ಜಾಹೀರಾತು.

"ಚೆನ್ನಾಗಿ ಬರ್ತಿದೆ, ಅಲ್ವಾ?" ಅಂದ ಎಲ್ಡನ್, ಸಣ್ಣ ದನಿಯಲ್ಲಿ.

ಮಾವಿಸ್ ಅವನತ್ತ ತಿರುಗಿದಳು. ಕಣ್ಣು ತುಂಬಿತ್ತು. "ನಲವತ್ತೆರಡು ವರ್ಷ ನಿನ್ನ ಜೊತೆ ಬಾಳಿದೀನಿ. ಇನ್ನೂ ಏನು ಬೇಕಿತ್ತು ನಿಂಗೆ?" ಅಂದು ಬಾಗಿಲು ತೆಗೆದು ಮತ್ತೆ ಲೋರ್ನ್‌ನ ಮನೆಗೇ ಹೋದಳು. ಕಿಟಕಿಯಿಂದ ಎಲ್ಡನ್‌ಗೆ ಕಾಣುತ್ತಿತ್ತು: ಲೋರ್ನ್ ಮೆಟ್ಟಿಲ ಮೇಲೆ ನಿಂತು ಕೈ ಎತ್ತಿ, ಬ್ರಿನ್ ಉತ್ತರ ಹೇಳಲು ಗಂಟೆ ಒತ್ತಿದ ಹಾಗೆ ಮಾಡಿ ತೋರಿಸುತ್ತಿದ್ದ, ಮಾವಿಸ್ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತ ನಗುತ್ತಿದ್ದಳು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು.

"ಅಜ್ಜಾ! ನೋಡಿದ್ರಾ? ನಾನು ಗಂಟೆ ಒತ್ತಿದ್ದು ನೋಡಿದ್ರಾ? ಅಜ್ಜಿ ಏನಂದ್ರು? ಅಜ್ಜಿಗೆ ಕೊಡಿ!"

"ಅಜ್ಜಿ ಇಲ್ಲಿಲ್ಲ ಮಗಾ. ಪಕ್ಕದ ಮನೆ ಲೋರ್ನ್ ಹತ್ರ ನೀನು ಹೇಗೆ ಉತ್ತರ ಹೇಳ್ದೆ ಅಂತ ಕೇಳಿ ತಿಳ್ಕೊಳ್ತಿದಾಳೆ."

"ಕೇಳಿ ತಿಳ್ಕೊಳ್ಳೋದಾ? ಯಾಕೆ, ಅಜ್ಜಿ ನೋಡ್ಲಿಲ್ವಾ?"

ಎಲ್ಡನ್ ಕಿಟಕಿಗೆ ಬೆನ್ನು ಹಾಕಿ ನಿಂತ.

"ಇಲ್ಲ ಪುಟ್ಟಿ," ಅಂದ. "ನಾನು ಅಡ್ಡ ನಿಂತಿದ್ದೆ."