ಜಗ್ಗಿದ ಟೇಪು

ಬೆಳಿಗ್ಗೆ ಮಾವನ ಜೊತೆ ಸಮುದ್ರಕ್ಕೆ ಹೊರಡುವ ಗಡಿಬಿಡಿಯಲ್ಲಿ, ಅಂಗಡಿಯ ಮೇಜಿನ ಮೇಲೆ ಕೈಗೆ ಸಿಕ್ಕ ಟೇಪನ್ನು ಕುತ್ತಿಗೆಗೆ ಹಾಕಿಕೊಂಡಿದ್ದೆ. ನಾನು ದರ್ಜಿ. ಟೇಪಿಲ್ಲದ ಕುತ್ತಿಗೆ ನನಗೆ ಬೇರೆ ಯಾರದೋ ಕುತ್ತಿಗೆ ಅನ್ನಿಸುತ್ತದೆ.

ಹೋದದ್ದು ನನ್ನ ಇಷ್ಟದಿಂದಲ್ಲ, ಹೆಂಡತಿ ಕಳಿಸಿದ್ದು. ಅವಳ ಅಪ್ಪ ಬಸ್ ಓಡಿಸಿ ನಿವೃತ್ತರಾದವರು. ಚಳಿ ಕಳೆದು, ನೀರು ಬೆಚ್ಚಗಾಗಿ, ಮೀನುಗಳು ದಡದ ಹತ್ತಿರ ಬರುವ ಈ ದಿನಗಳಲ್ಲಿ ಅವರನ್ನು ಮನೆಯಲ್ಲಿ ಹಿಡಿದಿಡುವುದು ಯಾರಿಂದಲೂ ಆಗದು. ಆದರೆ ಕಣ್ಣು ಮಂಜಾಗಿದೆ. ಕಳೆದ ಭಾನುವಾರ ಕಲ್ಲುಕಟ್ಟೆಯ ಮೇಲೆ ಜಾರಿ ಬಿದ್ದು ಮೊಣಕಾಲು ತರಚಿಕೊಂಡು ಬಂದಿದ್ದರು. ಇನ್ನು ಹೋಗಕೂಡದೆಂದು ನನ್ನ ಹೆಂಡತಿ ಹಟ ಹಿಡಿದಳು. ಕೊನೆಗೆ ಮಾವ ಮಾತು ಕೊಟ್ಟರು: "ಮನೆಗೆ ತರೋ ಅಂಥ ಒಂದೇ ಒಂದು ಮೀನು ಸಿಗ್ಲಿ ಕಣಮ್ಮ. ಆಮೇಲೆ ಗಾಳದ ಕೋಲು ಅಟ್ಟಕ್ಕೆ."

ಮನೆಗೆ ತರುವಂಥದ್ದು ಅಂದರೆ ಒಂದೂವರೆ ಅಡಿ. ಅದಕ್ಕಿಂತ ಚಿಕ್ಕದನ್ನು ನೀರಿಗೇ ಬಿಡಬೇಕೆಂದು ಕಟ್ಟೆಯ ಬಳಿ ಫಲಕವಿದೆ.

"ಅಪ್ಪನ ಮಾತು ನಂಬ್ಬೇಡಿ, ನೀವೇ ಅಳೀರಿ," ಎಂದು ಹೆಂಡತಿ ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ಹೇಳಿದ್ದಳು.

ಕಟ್ಟೆಯ ತುದಿಯಲ್ಲಿ ನಿಂತು ಮಾವ ಗಾಳಕ್ಕೆ ಸಿಗಡಿ ಸಿಕ್ಕಿಸಿ ಬೀಸಿ ಎಸೆದರು. ನಾನು ಅವರ ಅಂಗಿಯನ್ನು ಹಿಂದಿನಿಂದ ಹಿಡಿದುಕೊಂಡೆ.

"ಬಿಡ್ರೀ ಅಳಿಯಂದ್ರೆ, ನಾನೇನು ಒಣಗೋಕೆ ಹಾಕಿರೋ ಬಟ್ಟೇನಾ?"

"ಗಾಳಿ ಜೋರಾಗಿದೆ ಮಾವ."

"ಗಾಳಿಗೆ ಹಾರೋದಾದ್ರೆ ಮೊದ್ಲು ನೀವೇ."

ಬಿಸಿಲು ಏರುವ ಹೊತ್ತಿಗೆ ಕೋಲಿನ ತುದಿ ಎರಡು ಸಲ ತಲೆಯಾಡಿಸಿ, ಒಮ್ಮೆಲೇ ಬಾಗಿತು. ಮಾವ ಬ್ರೇಕ್ ಒತ್ತುವವರಂತೆ ಬಲಗಾಲು ಊರಿ ರೀಲು ಸುತ್ತತೊಡಗಿದರು. ನಾನು ಬಲೆಚೀಲ ಒಡ್ಡಿ ಮೇಲೆತ್ತಿದೆ. ಬೆಳ್ಳಗೆ ಹೊಳೆಯುವ, ಹೊಟ್ಟೆ ತುಂಬಿದ ಮೀನು. ಒದ್ದೆ ಗೋಣಿಯ ಮೇಲೆ ಮಲಗಿಸಿದೆ.

"ಬೇಗ ಅಳೀರಿ. ಪಾಪ, ಅದಕ್ಕೆ ಉಸಿರು ಕಟ್ಟುತ್ತೆ."

ಅಳೆದೆ. ಒಂದೂವರೆ ಅಡಿಗೆ ಒಂದು ಕೂದಲೆಳೆಯಷ್ಟು ಹೆಚ್ಚೇ ಇತ್ತು. ಆಮೇಲೆ ನೋಡಿದರೆ, ಗಿರಾಕಿಯ ಎದೆ ಅಳೆಯುವ ಹಾಗೆ ಟೇಪನ್ನು ಹೊಟ್ಟೆಯ ಉಬ್ಬಿನ ಮೇಲೆ ಹಾಯಿಸಿದ್ದೆ. ಸಾಲದ್ದಕ್ಕೆ, ಬಿಗಿಯಾಗದಿರಲೆಂದು ಕೆಳಗೆ ಒಂದು ಬೆರಳು ಬೇರೆ!

"ಅದಕ್ಕೇನು ಕೋಟು ಹೊಲೀತೀರಾ?" ಮಾವ ರೇಗಿದರು.

ಟೇಪನ್ನು ನೆಟ್ಟಗೆ ಗೋಣಿಯ ಮೇಲೆ ಹಾಸಿ ಮತ್ತೆ ಅಳೆದೆ. ಈಗ ಕಾಲು ಇಂಚು ಕಡಿಮೆ. ಅಷ್ಟರಲ್ಲಿ ಮೀನು ಬಾಲ ಬಡಿಯಿತು. ಬಾಲ ಪೂರ್ತಿ ಬಿಚ್ಚಿತ್ತೋ, ಮಡಚಿತ್ತೋ?

"ಎಷ್ಟು?" ಎಂದರು ಮಾವ. ದನಿ ಸಣ್ಣಗಾಗಿತ್ತು. ಅವರ ಮುಖ ಮೀನಿನ ಕಡೆಗಿರಲಿಲ್ಲ, ನೀರಿನ ಕಡೆಗಿತ್ತು.

ಹೆಚ್ಚು ಅಂದರೆ ಇವತ್ತಿಗೇ ಎಲ್ಲ ಮುಗಿಯಿತು. ಕಡಿಮೆ ಅಂದರೆ ಮತ್ತೆ ಈ ಜಾರುವ ಕಲ್ಲು, ಈ ಕಣ್ಣು. ಎರಡನೆಯ ಸಲ ಅಳೆಯುವಾಗ ನನ್ನ ಕೈ ತಾನಾಗಿ ಏನಾದರೂ ಮಾಡಿತೇ? ನನಗೆ ನನ್ನ ಕೈಯ ಮೇಲೇ ಅನುಮಾನ ಬಂತು.

"ಚಿಕ್ಕದು ಮಾವ. ಕಾಲು ಇಂಚು."

"ಸರಿಯಾಗಿ ನೋಡಿದ್ರಾ?"

"ನೋಡ್ದೆ."

"ಹಾಗಾದ್ರೆ ಇಳಿಸಿ. ಟಿಕೆಟ್ ಇಲ್ದವರನ್ನ ಹೇರ್ಕೊಂಡು ಹೋಗೋ ಗಾಡಿ ಅಲ್ಲ ನಮ್ದು."

ನೀರಲ್ಲಿ ಅವರೇ ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಚೇತರಿಸಿಕೊಂಡ ಮೇಲೆ ಅದು ಹೊರಟುಹೋಯಿತು.

ಮನೆಗೆ ಬಂದು, ಕಾಲು ಇಂಚು ಕಡಿಮೆ ಬಂದ ಮೀನನ್ನು ನೀರಿಗೆ ಬಿಟ್ಟದ್ದನ್ನು ಹೇಳಿದಾಗ ಹೆಂಡತಿ ನೋಡಿದ್ದು ಚೀಲವನ್ನಲ್ಲ, ನನ್ನ ಕುತ್ತಿಗೆಯನ್ನು.

"ಇದ್ರಲ್ಲಾ ಅಳೆದಿದ್ದು? ರೀ, ಜಗ್ಗಿಹೋಗಿದೆ ಅಂತ ಎತ್ತಿಟ್ಟಿದ್ದ ಟೇಪಲ್ವಾ ಇದು!"

ಹೊಸ ಟೇಪು ತಂದು ಪಕ್ಕದಲ್ಲಿ ಹಾಸಿದಳು. ಹಳೆಯದರ ಹದಿನೆಂಟು ಇಂಚಿನ ಗೆರೆ, ಹೊಸದರ ಹದಿನೆಂಟನ್ನು ದಾಟಿ ಕಾಲು ಇಂಚು ಆಚೆ ಬಿದ್ದಿತ್ತು. ಟೇಪು ಉದ್ದವಾದರೆ ಮೀನು ಗಿಡ್ಡವಾಗುತ್ತದೋ ಉದ್ದವಾಗುತ್ತದೋ ಎಂದು ನಾನು ನಿಂತೇ ಲೆಕ್ಕ ಹಾಕುತ್ತಿದ್ದೆ. ಹೋದ ತಿಂಗಳು ಒಬ್ಬರ ಅಂಗಿ ದೊಗಳೆಯಾದದ್ದು ಬೇರೆ ನೆನಪಾಗಿ ಲೆಕ್ಕ ತಪ್ಪಿತು.

"ಅಂದ್ರೆ ಮೀನು ಸರಿಯಾಗೇ ಇತ್ತು," ಎಂದಳು. "ಅಪ್ಪಾ, ನಿನ್ನ ಮಾತು?"

"ಬಾಲ ಮಡಚಿತ್ತೋ ಏನೋ," ಎಂದೆ. "ಅಥವಾ ಬಿಚ್ಚಿತ್ತು."

"ಒಂದು ಹೇಳಿ. ಸರಿಯಿತ್ತೋ ಇಲ್ವೋ?"

ನಿಜಕ್ಕೂ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

"ಅವರನ್ಯಾಕೆ ಹಿಂಡ್ತೀಯಾ?" ಎಂದರು ಮಾವ. "ಮೀನು ಸಮುದ್ರದಲ್ಲಿದೆ. ಹೋಗಿ ಅದನ್ನೇ ಕೇಳು."

ಅವಳು ಇಬ್ಬರನ್ನೂ ದುರುಗುಟ್ಟಿ ನೋಡಿ ಹೊಸ ಟೇಪನ್ನು ನನ್ನ ಕುತ್ತಿಗೆಗೆ ಹಾಕಿದಳು. "ಮುಂದಿನ ಭಾನುವಾರ ಇದನ್ನ ಒಯ್ಯಿರಿ. ಅಪ್ಪನ ಅಂಗಿ ಮಾತ್ರ ಬಿಡ್ಬೇಡಿ," ಎಂದು ಒಳಗೆ ಹೋದಳು.

ಮಾವ ಹಳೆಯ ಟೇಪನ್ನು ಬೆರಳಿಗೆ ನಿಧಾನವಾಗಿ ಸುತ್ತಿ ಜೇಬಿಗೆ ಇಳಿಸಿದರು.

"ಇದು ನನ್ನ ಹತ್ರ ಇರ್ಲಿ ಅಳಿಯಂದ್ರೆ. ಮುಂದಿನ ಭಾನುವಾರ ಮೀನು ಅಳೆಯೋಕೆ ಬೇಕಾಗ್ಬಹುದು."

ನಾನು ತಲೆಯಾಡಿಸಿದೆ. ಆಗಲಿ ಎಂದೋ, ಬೇಡ ಎಂದೋ, ನನಗೇ ತಿಳಿಯಲಿಲ್ಲ.